ಎರಡನೆಯ ಅಂಕೆ ನನ್ನದು

ಸಿತ್ರಾದ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಮನಾಮಾದ ಮನೆ ಮುಟ್ಟುವಷ್ಟರಲ್ಲಿ ನನಗೆ ಯಾರ ಮಾತೂ ಬೇಡವಾಗಿರುತ್ತದೆ. ಈ ಗಲ್ಫ್ ದೇಶದಲ್ಲಿ ಮೂವತ್ತು ವರ್ಷದಿಂದ ಇದೇ ಸುಸ್ತು. ಗೊತ್ತಿದ್ದೂ ಮಗಳು ಅದೇ ಹೊತ್ತಿಗೆ ಫೋನ್ ಮಾಡುತ್ತಾಳೆ. ಇಲ್ಲಿಯೇ ಹುಟ್ಟಿ ಬೆಳೆದವಳು, ಈಗ ಐರ್ಲೆಂಡಿನ ಸಣ್ಣ ಪಟ್ಟಣವೊಂದರಲ್ಲಿ ನರ್ಸ್.

ಆ ದಿನ ನಗುತ್ತಿದ್ದಳು. ಗುರುತಿಲ್ಲದ ಹೆಂಗಸೊಬ್ಬರು ಬಾಗಿಲು ತಟ್ಟಿ ಹೆಸರು ಕೇಳಿದರಂತೆ. ಇವಳು ಒಳಗೆ ಓಡಿ ವಾಸದ ಪರವಾನಗಿ ಕಾರ್ಡ್ ತಂದು ಹಿಡಿದಳಂತೆ. ಯಾರಾದರೂ ಹೆಸರು ಕೇಳಿದರೆ ಮೊದಲು ಇಲ್ಲಿಯ ಗುರುತಿನ ಚೀಟಿ, ಸಿಪಿಆರ್ ಕಾರ್ಡ್ ತೋರಿಸು ಎಂದು ಚಿಕ್ಕಂದಿನಲ್ಲಿ ಕಲಿಸಿದವನು ನಾನೇ. ಬಂದವರು ಅಲ್ಲಿನ ಕೌನ್ಸಿಲ್ ಚುನಾವಣೆಗೆ ನಿಂತವರು. ಕಾರ್ಡ್ ಬೇಡಮ್ಮ, ವೋಟು ಬೇಕು ಎಂದರಂತೆ.

“ನಂಗೂ ವೋಟು ಉಂಟು ಪಪ್ಪ. ಇಲ್ಲಿಯ ಪಾಸ್‌ಪೋರ್ಟ್ ಬೇಡ. ಇಲ್ಲಿ ವಾಸ ಇದ್ದು ಪಟ್ಟಿಯಲ್ಲಿ ಹೆಸರಿದ್ರೆ ಸಾಕು.”

ನನಗೆ ರೇಗಿತು. “ಎಂತ ವೋಟು ಮಾರಾಯ್ತಿ? ಸುಮ್ನೆ ಡ್ಯೂಟಿ ಮಾಡ್ಕೊಂಡಿರು. ನಾಳೆ ವೀಸಾಕ್ಕೇ ಕಲ್ಲು ಬಿದ್ರೆ?”

ಅವಳ ನಗು ನಿಂತಿತು. ಫೋನ್ ಇಟ್ಟ ಮೇಲೆ ನನ್ನ ಮೇಲೆಯೇ ಬೇಸರವಾಯಿತು. ಐವತ್ತು ದಾಟಿದರೂ ನಾನು ಎಲ್ಲಿಯೂ ವೋಟು ಹಾಕಿದವನಲ್ಲ. ಒಮ್ಮೆ ನನ್ನ ರಜೆಯಲ್ಲೇ ಊರಿನ ಪಂಚಾಯತ್ ಚುನಾವಣೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿ ಸಾಲಿನಲ್ಲಿ ನಿಂತೆ. ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. “ನೀವು ಊರಲ್ಲಿ ಇರುದಿಲ್ಲ ಅಲ್ವಾ?” ಎಂದರು. ಇಲ್ಲಿಯೂ ಚುನಾವಣೆ ಬಂದಾಗ ಬ್ಯಾನರುಗಳ ಕೆಳಗೇ ಬಸ್ಸು ಕಾಯುತ್ತೇನೆ. ಅವು ನನಗಾಗಿ ಕಟ್ಟಿದವಲ್ಲ.

ವೋಟಿನ ಹಿಂದಿನ ದಿನ ಮತ್ತೆ ಅವಳ ಫೋನ್. ಆಸ್ಪತ್ರೆಯಲ್ಲಿ ವಿಚಾರಿಸಿದ್ದಳು, ವೀಸಾಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಒಬ್ಬರಿಗೇ ಗುರುತು ಒತ್ತಿ ಬರುವುದಲ್ಲವಂತೆ. ಹೆಚ್ಚು ಇಷ್ಟವಾದವರ ಮುಂದೆ ಒಂದು, ಆಮೇಲಿನವರ ಮುಂದೆ ಎರಡು, ಹೀಗೆ ಅಂಕೆ ಬರೆಯಬೇಕು. ಮೊದಲನೆಯವರು ಎಣಿಕೆಯಲ್ಲಿ ಬಿದ್ದುಹೋದರೆ ಆ ವೋಟು ಎರಡನೆಯವರಿಗೆ ದಾಟುತ್ತದೆ.

“ಒಂದು, ಬಾಗಿಲಿಗೆ ಬಂದವರಿಗೆ. ಎರಡು ಯಾರಿಗೆ ಅಂತ ನೀವು ಹೇಳಿ ಪಪ್ಪ.”

“ನಂಗೆಂತ ಗೊತ್ತುಂಟು ಅಲ್ಲಿಯ ಸುದ್ದಿ?”

ಬಿಡಲಿಲ್ಲ. ಒಬ್ಬೊಬ್ಬರ ಕರಪತ್ರವನ್ನೂ ಓದಿದಳು. ನನಗೆ ಕಣ್ಣು ಎಳೆಯುತ್ತಿತ್ತು. ಯಾರೋ ಒಬ್ಬ ಮುದುಕ ಬಸ್ ಸ್ಟಾಪಿಗೆ ಮಳೆ ಬಿಸಿಲು ತಾಗದ ಹಾಗೆ ಮಾಡು ಹಾಕಿಸುತ್ತೇನೆ ಎಂದಿದ್ದ. ಎದ್ದು ಕೂತೆ.

“ಅವ್ರಿಗೆ ಹಾಕು,” ಎಂದೆ.

ಮರುದಿನ ಅವಳ ಮೆಸೇಜ್ ಬಂದಾಗ ಬಸ್ಸಿಗೆ ಕಾಯುತ್ತಿದ್ದೆ. ಸುಡು ಬಿಸಿಲು, ಪರದೆ ಸರಿಯಾಗಿ ಕಾಣಲಿಲ್ಲ. ಕೈ ಅಡ್ಡ ಹಿಡಿದು ಓದಿದೆ: ‘ನಿಮ್ಮ ವೋಟು ಹಾಕಿ ಬಂದೆ, ಪಪ್ಪ.’

ಬಸ್ಸು ಬಂದರೂ ನಾನು ಅದನ್ನೇ ಓದುತ್ತಿದ್ದೆ.