ಅರ್ಧಕ್ಕೆ ನಿಲ್ಲಿಸಿದ ಮುಳ್ಳು

ತಿಮ್ಮಪ್ಪಣ್ಣ, ಆ ಡೀಸೆಲ್ ನೀನು ಕದ್ದಿರಲಿಲ್ಲ. ನನಗದು ಆ ದಿನವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೂ ಚೆನ್ನಾಗಿತ್ತು. ಬಾಯಿ ಬಿಟ್ಟು ಸುಳ್ಳು ಹೇಳಿದೆ.

ನಿನ್ನ ಯಜಮಾನರ ಮಗನ ಮದುವೆಯ ಹಿಂದಿನ ದಿನ ನೀನು ಓಡಿಸುತ್ತಿದ್ದ ಅವರ ಜೀಪನ್ನು ಆದೋನಿಯ ನನ್ನ ರಿಪೇರಿ ಅಂಗಡಿಗೆ ತಂದಿದ್ದೆ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು. ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಫ್ಲೋಟ್ ಇರುತ್ತದೆ. ಅದು ಇಳಿದಂತೆ ಅದರ ತೋಳು ಒಂದು ಪಟ್ಟಿಯ ಮೇಲೆ ಸರಿಯುತ್ತದೆ, ಕರೆಂಟಿಗೆ ತಡೆ ಹೆಚ್ಚಿ ಮುಳ್ಳು ಕೆಳಗಿಳಿಯುತ್ತದೆ. ಆ ಪಟ್ಟಿ ಸವೆದುಹೋಗಿತ್ತು. ಹೊಸ ಫ್ಲೋಟ್ ಯೂನಿಟ್ ಬರಲು ಎರಡು ದಿನ ಬೇಕು ಅನ್ನಬಹುದಿತ್ತು. ಆದರೆ ಆಗಲ್ಲ ಅನ್ನುವುದು ನನಗೆ ಅವಮಾನ — ಎಂಥ ದೊಡ್ಡ ಮೇಸ್ತ್ರಿ ನಾನು! ಟ್ಯಾಂಕಿನ ವೈರು ಬಿಚ್ಚಿ, ಅದರ ಜಾಗದಲ್ಲಿ ಕರೆಂಟನ್ನು ಸದಾ ಒಂದೇ ಅಳತೆಯಲ್ಲಿ ತಡೆಯುವ ರೆಸಿಸ್ಟರ್ ಬೆಸೆದು ಅರ್ಥಿಂಗ್ ಕೊಟ್ಟೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಟ್ಯಾಂಕಿನಲ್ಲಿ ಹನಿ ಡೀಸೆಲ್ ಇಲ್ಲದಿದ್ದರೂ ಅದು ಅಲ್ಲೇ ನಿಲ್ಲುತ್ತದೆ.

ನೀನು ಅಭ್ಯಾಸದಂತೆ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಲು ಹೊರಟೆ. ತಡೆದವನು ನಾನೇ.

“ಇನ್ನ ಕಡ್ಡಿ ಯಾಕಣ್ಣ? ಮುಳ್ಳು ನೋಡು, ಸಾಕು.”

ಲಗ್ನಪತ್ರಿಕೆ ಹಂಚಲು ವಾರವಿಡೀ ಯಜಮಾನರೇ ಓಡಿಸಿದ್ದರಿಂದ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ನಿನಗೆ ತಿಳಿದಿರಲಿಲ್ಲ. ಮರುದಿನ ಮದುಮಗನನ್ನು ಕೂರಿಸಿಕೊಂಡು ಆಲೂರಿಗೆ ಹೊರಟ ಜೀಪು ಆಸ್ಪರಿ ದಾಟಿ ಹೊಲಗಳ ನಡುವೆ ನಿಂತುಬಿಟ್ಟಿತು. ಮುಹೂರ್ತ ತಪ್ಪಿತು. ಆಗಲೂ ಮುಳ್ಳು ಅರ್ಧದಲ್ಲೇ ಇತ್ತು ಎಂದು ನೀನು ಆಣೆ ಮಾಡಿದೆ. ಮುಂದಿನ ಕಾರಿನಲ್ಲಿ ಹೋಗಿದ್ದ ಯಜಮಾನರು ನಂಬಲಿಲ್ಲ. ಹಿಂದಿನ ಸಂಜೆ ತಾವೇ ಮುಳ್ಳಿನಲ್ಲಿ ನೋಡಿದ್ದ ಅರ್ಧ ಟ್ಯಾಂಕು ಡೀಸೆಲನ್ನು ರಾತ್ರಿ ನೀನೇ ತೆಗೆದು ಮಾರಿದ್ದೀಯ ಅಂದರು.

ಮದುವೆ ಮುಗಿದ ಮೇಲೆ ನೀನೂ ಯಜಮಾನರೂ ಜೀಪನ್ನು ಪರೀಕ್ಷೆಗೆ ತಂದಿರಿ. ಅಷ್ಟರಲ್ಲಿ ನಾನು ತರಿಸಿದ್ದ ಹೊಸ ಯೂನಿಟ್ ಬಂದಿತ್ತು. ನಿಮ್ಮನ್ನು ಚಹಾಕ್ಕೆ ಕಳಿಸಿ, ರೆಸಿಸ್ಟರ್ ಕಿತ್ತು ಹೊಸದನ್ನು ಕೂರಿಸಿದೆ. ಯಜಮಾನರು ಡೀಸೆಲ್ ಹಾಕಿಸಿದರು — ಮುಳ್ಳು ಸರಿಯಾಗಿ ಏರಿತು. ಆಗ ನಾನು ಹೇಳಿದೆ:

“ನಾ ರಿಪೇರಿ ಮಾಡ್ದಾಗಿಂದ್ಲೂ ಮುಳ್ಳು ಸರಿ ಐತ್ರಿ.”

ನೀನು ನನ್ನ ಮುಖವನ್ನೇ ನೋಡಿದೆ. ನಿಜ ಹೇಳಪ್ಪ ಎಂದು ಒಂದೇ ಒಂದು ಸಲ ಕೇಳಿದೆ. ನಾನು ಕೈ ಒರೆಸಿಕೊಳ್ಳುತ್ತ ಆ ಕಡೆ ತಿರುಗಿ ನಿಂತೆ.

ಐದು ವರ್ಷವಾಯಿತು. ಆಮೇಲೆ ಯಾರೂ ನಿನ್ನ ಕೈಗೆ ಗಾಡಿಯ ಕೀಲಿ ಕೊಡಲಿಲ್ಲ. ಜೀಪ್ ಸ್ಟ್ಯಾಂಡಿನವರು ಈಗಲೂ ನಿನ್ನ ಬೆನ್ನ ಹಿಂದೆ ‘ಡೀಸೆಲ್ ಕಳ್ಳ’ ಅನ್ನುತ್ತಾರೆ. ನೀನು ತಲೆ ತಗ್ಗಿಸಿ ಹತ್ತಿ ಮಿಲ್ಲಿನ ಕಾವಲಿಗೆ ನಡೆದುಹೋಗುತ್ತೀಯ. ನನ್ನನ್ನು ಮಾತ್ರ ಮೇಸ್ತ್ರಿ ಎಂದು ಕರೆಯುತ್ತಾರೆ. ಥೂ, ನನ್ನ ಬಾಳಿಗಿಷ್ಟು.

ಇವತ್ತು ಯಜಮಾನರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಕಪಾಳಕ್ಕೆ ಬಾರಿಸುತ್ತಾರೆ ಅಂದುಕೊಂಡಿದ್ದೆ. ಅವರು ಚಹಾ ತರಿಸಿದರು.

“ಹಳೇದು ಬಿಡೋ, ಈಗ್ಯಾಕ ಅದು?”

ನಿನ್ನ ಹೆಸರನ್ನೂ ಎತ್ತಲಿಲ್ಲ, ಅಣ್ಣ.

ನಾನು ಬಿಡುವುದಿಲ್ಲ. ನಾಳೆ ಡ್ರೈವರುಗಳೆಲ್ಲ ಸೇರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗುತ್ತೇನೆ. ನೀನು ಬರಬೇಕಾಗಿಲ್ಲ, ನನ್ನನ್ನು ಕ್ಷಮಿಸಬೇಕಾಗಿಯೂ ಇಲ್ಲ. ಕಳ್ಳ ನೀನಲ್ಲ, ನಾನು ಎಂದು ಅವರಿಗೆ ಹೇಳುತ್ತೇನೆ — ಆಮೇಲೆ ಅವರು ಆ ಹೆಸರಿನಿಂದಲೇ ನನ್ನನ್ನು ಕರೆದರೆ, ಓಗೊಡುತ್ತೇನೆ.