ಪ್ರಾಚಾರ್ಯರ ನಿಲುವು, ನೀಲಾಳ ಟೇಪು

ಕೇಶ್ವಾಪುರದ ಆ ಓಣಿಗೆ ಹೊಸ ಟೇಲರಮ್ಮ ಬಂದಿದ್ದಾಳೆಂದೇ ಪ್ರಾಚಾರ್ಯ ಶಶಿಕಾಂತ ಹೊಸಮನಿಯವರು ತಿಳಿದಿದ್ದರು. ಹಿಂದೆ ಅಲ್ಲಿ ಟೇಲರ್ ಅಂಗಡಿಯೇ ಇತ್ತು. ಈಗಲೂ ಒಬ್ಬ ಹೆಣ್ಣುಮಗಳು ಕೊರಳಿಗೆ ಟೇಪು ಹಾಕಿಕೊಂಡು, ಧಡೂತಿ ಗಂಡಸರನ್ನು ಗೋಡೆಯತ್ತ ಮುಖಮಾಡಿ ನಿಲ್ಲಿಸಿ ನಡುವಿನ ಅಳತೆ ತೆಗೆಯುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳು. ನಿವೃತ್ತಿಯ ಸನ್ಮಾನಕ್ಕೊಂದು ಸಫಾರಿ ಆಗಬೇಕಿತ್ತು. ಸಾಹೇಬರು ಬಟ್ಟೆ ಹಿಡಿದು ಹೋಗಿಯೇಬಿಟ್ಟರು.

ಅವರು ಬಾಗಿಲಲ್ಲಿ ಬೂಟು ಬಿಚ್ಚುವುದನ್ನು ಆಕೆ ರೆಪ್ಪೆ ಮಿಟುಕಿಸದೆ ನೋಡಿದಳು.

"ಎದೀ ಹತ್ರ ಸಡ್ಲ ಇರ್ಲಿ," ಎಂದು ಸಾಹೇಬರು ಬಟ್ಟೆ ಚಾಚಿದರು.

"ಬೂಟು ಬಿಚ್ಚೂವಾಗ ಆರಾಮ ಬಗ್ಗಿದ್ರಿ. ನೆಟ್ಟಗ ನಿಂತ ಕೂಡ್ಲೆ ನಡಕ್ಕ ಕೈ ಹೋತು. ಎಂದಿನಿಂದ ಈ ನೋವು, ಸರ್?"

ಹೀಗೆ ಸಾಹೇಬರ ಪಾಲಿಗೆ ಟೇಲರಮ್ಮ ಫಿಜಿಯೋಥೆರಪಿಸ್ಟ್ ನೀಲಾ ಆದಳು. ಕೊರಳಿನ ಟೇಪು ನಡು ಎಷ್ಟು ಬಗ್ಗುತ್ತದೆಂದು ಅಳೆಯಲಿಕ್ಕಿತ್ತು.

ನೀಲಾ ಅಮ್ಮಿನಬಾವಿಯ ಸಾಲಿ ಮಾಸ್ತರರ ಮಗಳು. ಸಂಜೆ ಹೊಲದಿಂದ ಬರುವವರ ನಡಿಗೆ ನೋಡಿಯೇ, "ಶೇವಂತೆವ್ವ ಕಾಕು ಇವತ್ತ ಕಳೆ ತಗದಾಳ, ಫಕೀರವ್ವ ಹೊರಿ ಹೊತ್ತಾಳ," ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಹುಡುಗಿ. ಓದು ಮುಗಿಸಿ ಬಂದ ಮೇಲೂ ಚಟ ಬಿಡಲಿಲ್ಲ. ಜನ ಎಕ್ಸ್‌ರೇ ಚೀಲವನ್ನು ಪ್ರಶಸ್ತಿಪತ್ರದಂತೆ ಮುಂದೆ ಹಿಡಿದರೆ, "ಮೊದಲ ಬಗ್ರಿ, ಹೊಳ್ರಿ, ನಡೀರಿ. ಫೋಟೋ ಆಮ್ಯಾಲೆ," ಎನ್ನುತ್ತಿದ್ದಳು. ಆಕೆಯ ಪಾಲಿಗೆ ಊರಿನಲ್ಲಿ ಇದ್ದದ್ದು ಬಗ್ಗಿದರೆ ನೋಯುವವರು, ಸೆಟೆದರೆ ನೋಯುವವರು, ಕೂತು ಕೂತೇ ನೋಯುವವರು. ಪ್ರಾಚಾರ್ಯರಿಗೆಂದು ಬೇರೆ ಗುಂಪು ಇರಲಿಲ್ಲ. ಸಾಹೇಬರಿಗೆ ನಡುವಿಗಿಂತ ಇದೇ ಹೆಚ್ಚು ನೋಯಿತು.

ಆದರೆ ಗರಜು ಅವರದು. ಸನ್ಮಾನದಲ್ಲಿ ಒಂದು ತಾಸು ನಿಂತು ಭಾಷಣ ಮಾಡಬೇಕಿತ್ತು. ಮನೆಯ ಕನ್ನಡಿಯೆದುರು ಅಭ್ಯಾಸಕ್ಕೆ ನಿಂತರೆ ಪೀಠಿಕೆ ಮುಗಿಯುವುದರೊಳಗೆ ನಡು ಹಿಡಿಯುತ್ತಿತ್ತು. ಕೂತು ಮಾತಾಡಿದರೆ ಉಪಪ್ರಾಚಾರ್ಯ ಗೋವಿಂದಪ್ಪ ಮೀಸೆಯೊಳಗೇ ನಗುತ್ತಾನೆ. ಅದಕ್ಕಿಂತ ಸಾವು ಲೇಸು.

ನೀಲಾ ಅವರನ್ನು ಮುಂದಕ್ಕೆ ಬಗ್ಗಿಸಿದಳು. ಬೆರಳು ನೆಲ ಮುಟ್ಟಿತು. "ನೋಡ್ರಿ, ಏನೂ ಆಗಿಲ್ಲ ನನಗ!" ಎಂದರು. ಹಿಂದಕ್ಕೆ ಬಾಗಿಸಿದಳು. "ಯವ್ವಾ!" ಎಂದರು.

"ಈಗ ಸ್ಟೇಜಿನ ಮ್ಯಾಲೆ ಹೆಂಗ ನಿಂದರ್ತೀರಿ, ಹಂಗ ನಿಂದರ್ರಿ."

ಸಾಹೇಬರು ಗದ್ದ ಎತ್ತಿ, ಎದೆ ಉಬ್ಬಿಸಿ, ನಡು ಒಳಗೆ ಬಾಗಿ ಬಿಲ್ಲಾಗುವಂತೆ ನಿಂತರು. ಮೂವತ್ತು ವರ್ಷಗಳಿಂದ ಕಾರಿಡಾರಿನಲ್ಲಿ ಹುಡುಗರನ್ನು ನಡುಗಿಸಿದ ನಿಲುವು.

"ಸಿಕ್ತು," ಎಂದಳು ನೀಲಾ. "ಎದಿ ಇಳಸ್ರಿ. ಹೊಟ್ಟಿ ಒಳಗ ತಗೋರಿ. ನೋವು?"

"ಕಡಿಮಿ ಆತು... ಆದ್ರ ಎದಿ ಇಳಸಿ ಮಾತಾಡಿದ್ರ ಮಾತಿಗೆ ತೂಕ ಎಲ್ಲೆ ಇರ್ತದ?"

"ಆ ತೂಕ ಎಲ್ಲಾ ನಡದ ಮ್ಯಾಲೆ ಬಿದ್ದದ್ರಿ."

ಸನ್ಮಾನದ ದಿನ ಮೈಕಿನ ಮೇಜಿನ ಹಿಂದೆ, ಯಾರಿಗೂ ಕಾಣದಂತೆ ಒಂದು ಊಟದ ಮಣೆ ಇಡಿಸಿ, ಆಕೆ ಹೇಳಿದಂತೆ ಅದರ ಮೇಲೆ ಒಂದು ಕಾಲಿಟ್ಟು, ಎದೆ ಇಳಿಸಿ, ತುಸು ಮುಂದೆ ಬಾಗಿ ಸಾಹೇಬರು ಒಂದು ತಾಸು ಮಾತಾಡಿದರು. ಕೇಳುತ್ತ ಕೂತವರ ನಡುಗಳನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ವಂದನಾರ್ಪಣೆಯಲ್ಲಿ ಗೋವಿಂದಪ್ಪನೇ ಕಣ್ಣೊರೆಸಿಕೊಂಡು, "ಇಂಥಾ ವಿನಯ ಸಾಹೇಬ್ರೊಳಗ ನಾ ಎಂದೂ ನೋಡಿದ್ದಿಲ್ಲ," ಎಂದ. ಅದಂತೂ ಖರೇ.

ಮರುದಿನ ಸಾಹೇಬರು ನೀಲಾಳ ಬಾಗಿಲಲ್ಲಿ ಹಾಜರು. ನೋವಿನ ಸುದ್ದಿಯೇ ಇಲ್ಲ.

"ನನ್ನ ವಿನಯದ್ದ ಮಾತು ನೋಡ್ರಿ ಊರ ತುಂಬ. ಇದು ಖಾಯಂ ಉಳಿಯೂಹಂಗ ಏನರ ವ್ಯಾಯಾಮ ಅದ ಏನು?"

"ಇಲ್ರಿ ಸರ್," ಎಂದಳು ನೀಲಾ. "ನಾ ನಡಾ ಅಷ್ಟ ನೋಡ್ತೇನಿ."