ಬಿಳಿ ಬಂಗಲೆಯ ಏಳನೇ ಕಂಬ

ರಾಯದುರ್ಗದ ಬೆಟ್ಟದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಪೇಟೆಯ ಬಿಳಿ ಬಂಗಲೆಯ ಜಗುಲಿಯಲ್ಲಿ ಸುಂಕಲಮ್ಮ ಆಗಲೇ ಕಂಬವೊಂದರ ಕೆಳಭಾಗವನ್ನು ಉಜ್ಜುತ್ತಿದ್ದಾರೆ. ಕೈಯಲ್ಲಿ ಹಗರಿ ಹೊಳೆಯ ನುಣುಪು ಕಲ್ಲು. ಉಜ್ಜಿದಷ್ಟೂ ಹಸಿ ಗಾರೆ ಬೆವರಿದ ಹಾಗೆ ನೀರು ಬಿಡುತ್ತದೆ. ಬಟ್ಟೆಯಿಂದ ಒರೆಸಿ ಮತ್ತೆ ಉಜ್ಜುತ್ತಾರೆ. ನೀರು ನಿಲ್ಲುವವರೆಗೆ ಕಲ್ಲು ಕೆಳಗಿಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಗಾರೆಯವರ ಕಟ್ಟಳೆ ಅದು. ಹಾಗಾಗಿ ಗಂಡ ಜುಂಜಣ್ಣ ಅಂಬಲಿಯ ತಂಬಿಗೆ ಹಿಡಿದು ಪಕ್ಕದಲ್ಲೇ ಕೂತಿದ್ದಾರೆ. ಆಗಾಗ ಹೆಂಡತಿಯ ಬಾಯಿಗೊಂದು ಗುಟುಕು ಹೊಯ್ಯುವುದು ಅವರ ಪಾಲಿನ ಕೆಲಸ.

ಬಳ್ಳಾರಿಯ ಕಲೆಕ್ಟರ್ ಕಚೇರಿಯಿಂದ ಬರುವ ದೊರೆಗಳು ಈ ಕಂಬಗಳನ್ನು ಅಮೃತಶಿಲೆಯೆಂದೇ ನಂಬಿ ತಟ್ಟಿ ನೋಡುತ್ತಾರಂತೆ. ಎಲ್ಲಿಯ ಅಮೃತಶಿಲೆ! ಒಳಗೆ ಇಟ್ಟಿಗೆ, ಮೇಲೆ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ; ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ. ಐವತ್ತು ವರ್ಷಗಳ ಹಿಂದೆ ಹತ್ತಿಯ ಸಾಹುಕಾರರೊಬ್ಬರು ಮದರಾಸಿನಲ್ಲಿ ಕಂಡ ಮಹಲಿಗೆ ಮನಸೋತು ಇದನ್ನು ಕಟ್ಟಿಸಿದರು. ಕಮಾನಿನ ಬಾಗಿಲು, ತಲೆಯಲ್ಲಿ ಎಲೆಬಳ್ಳಿ ಹೊತ್ತ ದುಂಡು ಕಂಬಗಳು, ಮಾಳಿಗೆಯ ಅಂಚಿನಲ್ಲಿ ಗಾರೆಯ ಗಿಳಿಗಳು. ಕಟ್ಟಿಸಿದವರ ಹೆಸರು ಬಾಗಿಲ ಮೇಲಿದೆ. ಉಜ್ಜಿದವರ ಹೆಸರು ಎಲ್ಲೂ ಇಲ್ಲ, ಅದಕ್ಕೇ ಈ ಬರಹ.

ಸುಂಕಲಮ್ಮ ಮಡಕಶಿರಾ ಕಡೆಯ ಕುರಿ ಕಾಯುವವರ ಮಗಳು. ಮದುವೆಯಾಗಿ ಬಂದಾಗ ಸುಣ್ಣವೆಂದರೆ ಎಲೆಗೆ ಹಚ್ಚುವುದು ಎಂದಷ್ಟೇ ಗೊತ್ತಿತ್ತು. ಕಸಬು ಕಲಿಸಿದವರು ಅತ್ತೆ ತಿಪ್ಪಕ್ಕ. "ನಮ್ಮತ್ತಿ ಬಾಯಿಲೆ ಕಲಿಸ್ಲಿಲ್ರಿ. ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು ಉಜ್ಜಿಸಿದ್ಲು," ಎನ್ನುತ್ತಾರೆ.

ಇಂದು ಉಜ್ಜುತ್ತಿರುವ ಏಳನೇ ಕಂಬದ ಸುತ್ತ ಎದೆಮಟ್ಟದಲ್ಲಿ ಒಂದು ಗೆರೆಯಿದೆ. ಬಂಗಲೆ ಕಟ್ಟುವಾಗ ಇದನ್ನು ಮೇಲಿನಿಂದ ಉಜ್ಜುತ್ತ ಇಳಿದವರು ತಿಪ್ಪಕ್ಕ, ತುಂಬು ಬಸುರಿ. ಯಾರು ಬೇಡವೆಂದರೂ ಕೇಳಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ನೋವು ಶುರುವಾಯಿತು. ಕಲ್ಲು ಕೆಳಗಿಟ್ಟರು, ಗಾರೆ ಒಣಗಿತು, ಜುಂಜಣ್ಣ ಹುಟ್ಟಿದರು. ಉಳಿದರ್ಧವನ್ನು ಮರುದಿನ ಬೇರೆ ಯಾರೋ ಮುಗಿಸಿದರು, ಎರಡು ಗಾರೆ ಕೂಡಿದ ಗೆರೆ ಮಾತ್ರ ಉಳಿದುಬಿಟ್ಟಿತು. ಜೊತೆಯವರು ಇಂದಿಗೂ ಅದನ್ನು ಜುಂಜಣ್ಣನ ಗೆರೆ ಎಂದು ಕರೆದು ಅವರ ಕಾಲೆಳೆಯುತ್ತಾರೆ.

ಈಚೆಗೆ ಕೆಳಗಿನರ್ಧ ತೇವ ಕುಡಿದು ಉದುರಿತು. ತಿಪ್ಪಕ್ಕನ ಅರ್ಧ ಇನ್ನೂ ಕನ್ನಡಿ. ಈಗಿನ ಯಜಮಾನ ಗಾದಿಲಿಂಗಪ್ಪನವರ ಮನೆಯಲ್ಲಿ ಮದುವೆಯಿದೆ. ಬೀಗರ ಕಣ್ಣಿಗೆ ಗೆರೆ ಬೀಳಬಾರದು, ಇಡೀ ಕಂಬ ಕೆತ್ತಿ ಹೊಸದು ಮಾಡಿ ಎಂದರು. ಸುಂಕಲಮ್ಮ ಒಪ್ಪಲಿಲ್ಲ. ಅತ್ತೆ ಈಗಿಲ್ಲ. ಬೇರೆ ಕಂಬಗಳಲ್ಲಿ ಯಾವುದು ಯಾರ ಕೈಯದೆಂದು ಹೇಳುವವರೂ ಇಲ್ಲ. ಇದು ತಿಪ್ಪಕ್ಕನದು ಎಂದು ಬೆರಳಿಟ್ಟು ತೋರಿಸಲು ಉಳಿದಿರುವುದು ಈ ಅರ್ಧ ಕಂಬವೊಂದೇ.

"ಮ್ಯಾಲಿಂದು ಮುಟ್ಟಬ್ಯಾಡ್ರಿ. ಕೆಳಗಿಂದು ಅದಕ್ಕ ಸರಿಸಮ ಬರ್ಲಿಲ್ಲಂದ್ರ ನಾನೇ ಉಳಿ ಹಿಡಿದು ಕೆತ್ತತೀನಿ," ಎಂದರು. ಗಾದಿಲಿಂಗಪ್ಪ ಒಪ್ಪಿದರು, ಕೆಳಗಿನರ್ಧಕ್ಕೆ ಹೊಸ ಗಾರೆ ಬಿತ್ತು. ಆದರೂ ಕೆತ್ತುವವರನ್ನು ಕರೆಸಿ ಅಂಗಳದಲ್ಲಿ ಕೂರಿಸಿಯೇ ಇದ್ದಾರೆ.

ಹೊತ್ತು ನೆತ್ತಿಗೆ ಬರುವಾಗ ಗಾರೆ ಬೆವರುವುದು ನಿಲ್ಲುತ್ತದೆ. ಸುಂಕಲಮ್ಮ ಕಲ್ಲು ಕೆಳಗಿಡುತ್ತಾರೆ. ಮಡಿಚಿದಂತೆಯೇ ಸೆಟೆದ ಬೆರಳು ಬಿಡಿಸಲು ಜುಂಜಣ್ಣನೇ ಬರಬೇಕು. ಗಾದಿಲಿಂಗಪ್ಪ ಹತ್ತಿರ ಬಂದಾಗ ಅವರ ಕೆಂಪು ರುಮಾಲು ಮೇಲಿನರ್ಧದಲ್ಲಿ ಮೂಡುತ್ತದೆ. ಬಗ್ಗುತ್ತಾರೆ. ಕೆಳಗೂ ಅಷ್ಟೇ ಕೆಂಪು. ನಂಬಿಕೆ ಸಾಲದೆ ಇನ್ನೊಮ್ಮೆ ಎದ್ದು ಬಗ್ಗಿ ನೋಡಿ, ಕೆತ್ತುವವರಿಗೆ ಊಟ ಮಾಡಿ ಹೊರಡಲು ಹೇಳುತ್ತಾರೆ. ಆಮೇಲೆ ಮೆಲ್ಲಗೆ, ಆ ಗೆರೆಯ ಮೇಲಾದರೂ ಒಂದಿಷ್ಟು ಸುಣ್ಣ ಸವರಿ ಮುಚ್ಚಬಹುದಲ್ಲ ಎಂದು ಕೇಳುತ್ತಾರೆ.

ಸುಂಕಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ಇರ್ಲಿ ಬಿಡ್ರಿ ಅದು. ಮುಚ್ಚಿದ್ರ ಎಲ್ಲಾ ಒಬ್ಬಾಕೀನೇ ಮಾಡ್ಯಾಳ ಅಂತಾರ ಮಂದಿ."